ಇಪ್ಪತ್ತು ಪೈಸೆಯ ಎಸ್‌ಎಂಎಸ್ ಸಣ್ಣ ಅಂಗಡಿಗೆ ಯಾಕೆ ದುಬಾರಿ?

ನಿಮ್ಮ ಮೊಬೈಲಿನ ಎಸ್‌ಎಂಎಸ್ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಬ್ಯಾಂಕು, ಗ್ಯಾಸ್ ಏಜೆನ್ಸಿ, ಆಸ್ಪತ್ರೆ, ಬಟ್ಟೆ ಅಂಗಡಿ, ಹೀಗೆ ಯಾರ ಹೆಸರಿನಲ್ಲಿ ಬಂದ ಸಂದೇಶವಾದರೂ ಆ ಹೆಸರಿನ ಶುರುವಿನಲ್ಲಿ ಎರಡು ಇಂಗ್ಲಿಷ್ ಅಕ್ಷರ, ಕೊನೆಯಲ್ಲಿ ಇನ್ನೊಂದು ಅಕ್ಷರ ಇರುತ್ತದೆ. ಕೊನೆಯ ಆ ಅಕ್ಷರ ಬಂದದ್ದು 2025ರಲ್ಲಿ. ಆ ವರ್ಷದ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ವಾಣಿಜ್ಯ ಸಂದೇಶಗಳ ನಿಯಮವನ್ನು ಬಿಗಿ ಮಾಡಿತು. ನವೆಂಬರ್‌ನಲ್ಲಿ ಇನ್ನೊಂದು ಆದೇಶ ಬಂತು. ಅದೇ ತಿಂಗಳು ಖಾಸಗಿ ಮಾಹಿತಿ ರಕ್ಷಣೆಯ ನಿಯಮಗಳೂ ಪ್ರಕಟವಾದವು.

ಇದರ ನಡುವೆ ಸಣ್ಣ ವ್ಯಾಪಾರಿಗಳಿಗೆ ತಲೆಬುಡ ತಿಳಿಯದಂತಾಗಿದೆ. ‘ಒಂದು ಸಂದೇಶಕ್ಕೆ ಬರೀ 20 ಪೈಸೆ’ ಎನ್ನುವ ಜಾಹೀರಾತು ನೋಡಿ ಫೋನ್ ಮಾಡಿದರೆ ಆ ಕಡೆಯವರು ನೋಂದಣಿ ಮಾಡಿಸಿ, ಹೆಡರ್ ತಗೊಳ್ಳಿ, ಟೆಂಪ್ಲೇಟ್ ಹಾಕಿ ಅನ್ನುತ್ತಾರೆ. ನೂರು ಗಿರಾಕಿಗಳಿಗೆ ಹಬ್ಬದ ರಿಯಾಯಿತಿ ತಿಳಿಸೋದಕ್ಕೆ ಇಷ್ಟೆಲ್ಲ ಬೇಕಾ ಎಂಬ ಪ್ರಶ್ನೆ ಸಹಜವೇ. ಬೇಕು ಅನ್ನುವುದಕ್ಕೆ ಗಟ್ಟಿ ಕಾರಣಗಳಿವೆ. ಆದರೆ ಈ ವ್ಯವಸ್ಥೆಯ ಭಾರ ದೊಡ್ಡವರ ಮೇಲೆ ಹಗುರವಾಗಿ, ಸಣ್ಣವರ ಮೇಲೆ ಭಾರವಾಗಿ ಬೀಳುತ್ತಿದೆ. ಕನ್ನಡದಲ್ಲಿ ಬರೆಯುವವರ ಮೇಲಂತೂ ಇನ್ನೂ ಒಂದು ಸುತ್ತು ಜಾಸ್ತಿ.

ಆ ಅಕ್ಷರಗಳು ಏನು ಹೇಳುತ್ತವೆ?

ಶುರುವಿನ ಎರಡು ಅಕ್ಷರಗಳಲ್ಲಿ ಮೊದಲನೆಯದು ಸಂದೇಶ ಹೊರಟ ಮೊಬೈಲ್ ಕಂಪನಿಯದು. ‘ಎ’ ಅಂದರೆ ಏರ್‌ಟೆಲ್, ‘ಜೆ’ ಅಂದರೆ ಜಿಯೋ, ‘ವಿ’ ಅಂದರೆ ವೊಡಾಫೋನ್ ಐಡಿಯಾ, ‘ಬಿ’ ಅಂದರೆ ಬಿಎಸ್‌ಎನ್‌ಎಲ್. ಎರಡನೆಯದು ಟೆಲಿಕಾಂ ವಲಯದ್ದು. ಕರ್ನಾಟಕಕ್ಕೆ ಸಿಕ್ಕಿರುವ ಅಕ್ಷರ ‘ಎಕ್ಸ್’. ಹಾಗಾಗಿ ‘ಜೆಎಕ್ಸ್’ ಎಂದು ಶುರುವಾದರೆ ಅದು ಜಿಯೋ ಕರ್ನಾಟಕದ ಮೂಲಕ ಹೊರಟದ್ದು.

ನಡುವೆ ಇರುವ ಹೆಸರೇ ಹೆಡರ್. ಅದನ್ನು ನೋಂದಾಯಿಸಿದವರು ಬಿಟ್ಟು ಬೇರೆಯವರು ಬಳಸುವಂತಿಲ್ಲ. ಕೊನೆಯ ಅಕ್ಷರ ಸಂದೇಶದ ಜಾತಿಯನ್ನು ಹೇಳುತ್ತದೆ. ‘ಪಿ’ ಇದ್ದರೆ ಪ್ರಚಾರ, ‘ಎಸ್’ ಇದ್ದರೆ ಸೇವೆ, ‘ಟಿ’ ಇದ್ದರೆ ವಹಿವಾಟು, ‘ಜಿ’ ಇದ್ದರೆ ಸರ್ಕಾರ. ಓದುವವರಿಗೆ ಇದರಿಂದ ನಿಜವಾದ ಉಪಯೋಗ ಇದೆ. ಕರೆಂಟ್ ಕಟ್ ಆಗುತ್ತದೆ, ತಕ್ಷಣ ಹಣ ಕಟ್ಟಿ ಎಂಬ ಸಂದೇಶ ಹತ್ತಂಕಿಯ ಮಾಮೂಲಿ ನಂಬರಿನಿಂದ ಬಂದರೆ ಅದನ್ನು ನಂಬಬಾರದು ಎಂದು ಮನೆಯ ಹಿರಿಯರಿಗೂ ಹೇಳಿಕೊಡಬಹುದು.

ಇಷ್ಟು ಬಿಗಿ ಯಾಕಾಯಿತು?

ಒಂದು ಕಾಲದಲ್ಲಿ ಯಾರು ಬೇಕಾದರೂ ಸಾವಿರಾರು ಸಂದೇಶ ಕಳಿಸಬಹುದಿತ್ತು. ಸೈಟು, ಸಾಲ, ಲಾಟರಿ, ತೂಕ ಇಳಿಸುವ ಔಷಧಿ, ಬೆಳಗಿನಿಂದ ರಾತ್ರಿವರೆಗೆ ಫೋನ್ ಗುಂಯ್‌ಗುಡುತ್ತಿತ್ತು. ಜನ ರೋಸಿಹೋದರು. 2011ರ ಸೆಪ್ಟೆಂಬರ್‌ನಲ್ಲಿ ಟ್ರಾಯ್ ಒಂದು ಸಿಮ್‌ನಿಂದ ದಿನಕ್ಕೆ 100 ಎಸ್‌ಎಂಎಸ್ ಮಾತ್ರ ಎಂದು ಮಿತಿ ಹಾಕಿತು. ಅದು ಸಾಲದು ಎಂಬ ಕೂಗೆದ್ದು ಆಮೇಲೆ 200 ಆಯಿತು. ಆದರೆ ಮಿತಿಯಿಂದ ಕಾಟ ನಿಲ್ಲಲಿಲ್ಲ. ಹತ್ತು ಸಿಮ್ ಇಟ್ಟುಕೊಂಡವರಿಗೆ ಅದು ಲೆಕ್ಕಕ್ಕೇ ಇರಲಿಲ್ಲ.

ಹಾಗಾಗಿ 2018ರ ಜುಲೈನಲ್ಲಿ ದಾರಿಯನ್ನೇ ಬದಲಿಸಿದರು. ಎಷ್ಟು ಕಳಿಸುತ್ತೀರಿ ಎನ್ನುವುದಕ್ಕಿಂತ ಯಾರು ಕಳಿಸುತ್ತಿದ್ದೀರಿ, ಏನು ಕಳಿಸುತ್ತಿದ್ದೀರಿ ಎನ್ನುವುದು ಮುಖ್ಯವಾಯಿತು. ಇದೇ ಡಿಎಲ್‌ಟಿ ವ್ಯವಸ್ಥೆ. ಎಲ್ಲ ಮೊಬೈಲ್ ಕಂಪನಿಗಳೂ ಹಂಚಿಕೊಂಡು ನೋಡುವ ಒಂದು ಲೆಕ್ಕದ ಪುಸ್ತಕ ಅಂದುಕೊಳ್ಳಿ. ಬ್ಲಾಕ್‌ಚೈನ್ ತಂತ್ರದ ಮೇಲೆ ನಡೆಯುವ ಈ ಪುಸ್ತಕದಲ್ಲಿ ನಾಲ್ಕು ಸಂಗತಿ ದಾಖಲಾಗಿರಬೇಕು: ಕಳಿಸುವ ಸಂಸ್ಥೆ, ಅದರ ಹೆಡರ್, ಸಂದೇಶದ ಟೆಂಪ್ಲೇಟ್ ಅಂದರೆ ವಾಕ್ಯದ ಅಚ್ಚು, ಮತ್ತು ಅದನ್ನು ತಲುಪಿಸುವ ಟೆಲಿಮಾರ್ಕೆಟರ್. ಕಳಿಸಿದ ಸಂದೇಶ ಈ ದಾಖಲೆಗೆ ತಾಳೆಯಾದರೆ ಮುಂದೆ ಹೋಗುತ್ತದೆ. ಆಗದಿದ್ದರೆ ಅಲ್ಲೇ ನಿಲ್ಲುತ್ತದೆ.

ತಾಳೆ ನೋಡುವ ಕೆಲಸ ನಿಜವಾಗಿ ಶುರುವಾದ ದಿನ 2021ರ ಮಾರ್ಚ್ 8. ಅವತ್ತು ದೇಶದಾದ್ಯಂತ ಬ್ಯಾಂಕುಗಳ ಒಟಿಪಿಗಳೇ ಜನರನ್ನು ತಲುಪಲಿಲ್ಲ. ದೊಡ್ಡ ದೊಡ್ಡ ಸಂಸ್ಥೆಗಳೇ ಟೆಂಪ್ಲೇಟ್ ಸರಿಯಾಗಿ ಹಾಕಿರಲಿಲ್ಲ. ಟ್ರಾಯ್ ಮರುದಿನವೇ ಒಂದು ವಾರದ ಮಟ್ಟಿಗೆ ಅದನ್ನು ತಡೆಹಿಡಿಯಬೇಕಾಯಿತು. ಕಾನೂನು ವಿಭಾಗ, ಐಟಿ ವಿಭಾಗ ಎಲ್ಲ ಇರುವವರಿಗೇ ಇಷ್ಟು ಕಷ್ಟವಾದ ಕೆಲಸವನ್ನು ಗಲ್ಲಾದಲ್ಲಿ ಕೂತ ಒಬ್ಬರೇ ಮಾಡಬೇಕು ಅಂದರೆ ಹೇಗಿರಬಹುದು, ಯೋಚಿಸಿ.

ಬಿಟ್ಟ ಸ್ಥಳದಲ್ಲಿ ನುಸುಳಿದ ಕಳ್ಳರು

ಟೆಂಪ್ಲೇಟ್ ಅಂದರೆ ಮೊದಲೇ ಒಪ್ಪಿಗೆ ಪಡೆದ ವಾಕ್ಯ. ಗಿರಾಕಿಯ ಹೆಸರು, ಬಿಲ್ಲಿನ ಮೊತ್ತ, ತಾರೀಕು ಇಂಥವು ಪ್ರತಿ ಸಲ ಬದಲಾಗುತ್ತವಲ್ಲ, ಅವಕ್ಕೆ ಜಾಗ ಖಾಲಿ ಬಿಟ್ಟಿರುತ್ತಾರೆ. ಶಾಲೆಯ ಪರೀಕ್ಷೆಯ ‘ಬಿಟ್ಟ ಸ್ಥಳ ತುಂಬಿ’ ಇದ್ದ ಹಾಗೆ. ಕಳ್ಳರು ಹಿಡಿದದ್ದು ಇದೇ ಜಾಗವನ್ನು. ಒಪ್ಪಿಗೆ ಸಿಕ್ಕ ಯಾವುದೋ ಸಾಧು ಟೆಂಪ್ಲೇಟಿನ ಬಿಟ್ಟ ಸ್ಥಳದಲ್ಲಿ ಮೋಸದ ಲಿಂಕ್ ತುರುಕಿ ಕಳಿಸಿದರು. ವಾಕ್ಯ ತಾಳೆಯಾಗುತ್ತಿತ್ತು, ಸಂದೇಶ ಪಾಸಾಗುತ್ತಿತ್ತು. ಲಿಂಕ್ ಒತ್ತಿದವರ ಖಾತೆ ಖಾಲಿಯಾಗುತ್ತಿತ್ತು.

ಆಮೇಲಿನ ಆದೇಶಗಳೆಲ್ಲ ಈ ಒಂದೊಂದು ತೂತು ಮುಚ್ಚಲು ಬಂದವು. 2024ರ ಅಕ್ಟೋಬರ್ 1ರಿಂದ, ಮೊದಲೇ ನೋಂದಾಯಿಸದ ಲಿಂಕ್ ಇರುವ ಸಂದೇಶ ಹೋಗುವುದಿಲ್ಲ. ಆ ವರ್ಷದ ಡಿಸೆಂಬರ್‌ನಿಂದ, ಅಂಗಡಿಯಿಂದ ಹಿಡಿದು ಮೊಬೈಲ್ ಕಂಪನಿವರೆಗೆ ನಡುವಿನ ಮಧ್ಯವರ್ತಿಗಳು ಯಾರ್ಯಾರು ಎಂಬ ಸರಪಳಿಯೂ ದಾಖಲಾಗಿರಬೇಕು. 2025ರ ನವೆಂಬರ್ ಆದೇಶದ ಪ್ರಕಾರ, ಬಿಟ್ಟ ಸ್ಥಳದಲ್ಲಿ ಏನು ಬರುತ್ತದೆ ಎಂದು ಮೊದಲೇ ಗುರುತು ಹಾಕಬೇಕು. ಇದು ಲಿಂಕ್ ಬರುವ ಜಾಗ, ಇದು ಫೋನ್ ನಂಬರ್ ಬರುವ ಜಾಗ, ಹೀಗೆ.

ಒಂದೊಂದನ್ನೇ ನೋಡಿದರೆ ಪ್ರತಿಯೊಂದೂ ಸರಿ. ಎಲ್ಲವನ್ನೂ ಒಟ್ಟಿಗೆ ಹೊರಬೇಕಾದ ಸಣ್ಣ ಅಂಗಡಿಯ ಕಡೆಯಿಂದ ನೋಡಿದಾಗ ಚಿತ್ರ ಬೇರೆ.

ಒಂದು ಅಂಗಡಿಯ ಲೆಕ್ಕ

ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿ ಇದೆ ಅಂತ ಇಟ್ಟುಕೊಳ್ಳೋಣ. ಸೀರೆ ಮಾರುತ್ತಾರೆ, ಜೊತೆಗೆ ಕುಚ್ಚು ಕಟ್ಟಿಸಿ ಕೊಡುತ್ತಾರೆ. ಕಾಯಂ ಗಿರಾಕಿಗಳು 800 ಜನ. ಯುಗಾದಿ, ವರಮಹಾಲಕ್ಷ್ಮಿ, ದಸರಾ, ದೀಪಾವಳಿ, ಹೀಗೆ ವರ್ಷಕ್ಕೆ ನಾಲ್ಕು ಸಂದೇಶ. ಒಟ್ಟು 3,200.

ಬಲ್ಕ್ ಎಸ್‌ಎಂಎಸ್, ಅಂದರೆ ಒಟ್ಟಿಗೆ ಬಹಳ ಜನಕ್ಕೆ ಕಳಿಸುವ ಸಂದೇಶದ ದರ, ಕೊಳ್ಳುವ ಪ್ರಮಾಣದ ಮೇಲೆ ಹೋಗುತ್ತದೆ. 20 ಪೈಸೆ ಎಂದೇ ಹಿಡಿಯೋಣ. 3,200 ಸಂದೇಶಕ್ಕೆ 640 ರೂಪಾಯಿ, ಜಿಎಸ್‌ಟಿ ಬೇರೆ. ಅಗ್ಗವೇ ಅಲ್ವಾ? ಆದರೆ ಡಿಎಲ್‌ಟಿಯಲ್ಲಿ ಸಂಸ್ಥೆಯನ್ನು ನೋಂದಾಯಿಸಲು ಹಲವು ಮೊಬೈಲ್ ಕಂಪನಿಗಳು 5,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಪಡೆಯುತ್ತಾ ಬಂದಿವೆ. ಅಂದರೆ 5,900. ಎರಡೂ ಸೇರಿ ಮೊದಲ ವರ್ಷ 6,540 ರೂಪಾಯಿ. ಒಂದು ಸಂದೇಶಕ್ಕೆ ಬಿದ್ದದ್ದು 2 ರೂಪಾಯಿ 4 ಪೈಸೆ. ಜಾಹೀರಾತಿನ ದರಕ್ಕೆ ಹತ್ತು ಪಟ್ಟು.

ಇದೇ 5,900 ರೂಪಾಯಿಯನ್ನು ವರ್ಷಕ್ಕೆ ಒಂದು ಕೋಟಿ ಸಂದೇಶ ಕಳಿಸುವ ಕಂಪನಿಯ ಮೇಲೆ ಹಂಚಿ. ಒಂದು ಸಂದೇಶಕ್ಕೆ ಪೈಸೆಯ ನೂರರಲ್ಲಿ ಆರು ಭಾಗ. ಅವರಿಗೆ ಅದು ಖರ್ಚೇ ಅಲ್ಲ. ಶುಲ್ಕ ಇಬ್ಬರಿಗೂ ಸಮ, ಭಾರ ಮಾತ್ರ ಅಜಗಜಾಂತರ.

ಹಣಕ್ಕಿಂತ ಜಾಸ್ತಿ ಸುಸ್ತು ಮಾಡುವುದು ಓಡಾಟ. ಪ್ಯಾನ್, ಜಿಎಸ್‌ಟಿ ಅಥವಾ ವ್ಯಾಪಾರದ ಬೇರೆ ದಾಖಲೆ, ಸಹಿ ಮಾಡುವವರ ಅಧಿಕಾರ ಪತ್ರ, ಎಲ್ಲ ಅಪ್‌ಲೋಡ್ ಆಗಬೇಕು. ಹೆಡರ್ ಅಂಗಡಿಯ ಹೆಸರಿಗೆ ಹೊಂದಬೇಕು, ಇಲ್ಲದಿದ್ದರೆ ತಿರಸ್ಕಾರ. ಟೆಂಪ್ಲೇಟಿನ ವಾಕ್ಯಕ್ಕೂ ಕಳಿಸಿದ ವಾಕ್ಯಕ್ಕೂ ಸಣ್ಣ ವ್ಯತ್ಯಾಸ ಇದ್ದರೂ ಸಂದೇಶ ನಿಲ್ಲುತ್ತದೆ. ವರಮಹಾಲಕ್ಷ್ಮಿ ಹಬ್ಬ ಶುಕ್ರವಾರ ಇದ್ದು, ಟೆಂಪ್ಲೇಟ್ ಬುಧವಾರ ತಿರಸ್ಕಾರವಾದರೆ ಆ ವರ್ಷದ ಹಬ್ಬದ ಸಂದೇಶ ಹೋಗಲೇ ಇಲ್ಲ ಎಂದೇ ಲೆಕ್ಕ.

ಕನ್ನಡಕ್ಕೆ ದುಪ್ಪಟ್ಟು, ಮುಪ್ಪಟ್ಟು

ಈ ವಿಷಯ ನಮ್ಮಲ್ಲಿ ಸಾಕಷ್ಟು ಚರ್ಚೆಯಾಗಿಲ್ಲ. ಆಗಬೇಕು.

ಒಂದು ಎಸ್‌ಎಂಎಸ್‌ನ ಹೊಟ್ಟೆಯಲ್ಲಿ ಇರುವ ಜಾಗ 140 ಬೈಟ್, ಅಂದರೆ 1,120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಆದ್ದರಿಂದ 160 ಅಕ್ಷರ ಹಿಡಿಸುತ್ತದೆ. ಕನ್ನಡ ಹೋಗುವುದು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಗಳ ಲಿಪಿಗೂ ಇರುವ ಸಂಕೇತ ಪದ್ಧತಿಯಲ್ಲಿ. ಅಲ್ಲಿ ಒಂದೊಂದು ಗುರುತಿಗೂ 16 ಬಿಟ್ ಬೇಕು, ಹಾಗಾಗಿ 70ಕ್ಕೇ ಜಾಗ ಮುಗಿಯುತ್ತದೆ. ಸಂದೇಶದಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇದ್ದರೂ ಇಡೀ ಸಂದೇಶ ಈ ಲೆಕ್ಕಕ್ಕೆ ಬೀಳುತ್ತದೆ. 70 ದಾಟಿದರೆ ಸಂದೇಶ ತುಂಡಾಗುತ್ತದೆ. ತುಂಡುಗಳನ್ನು ಮತ್ತೆ ಜೋಡಿಸುವ ಮಾಹಿತಿಗೂ ಜಾಗ ಬೇಕಲ್ಲ, ಆಗ ಒಂದೊಂದು ತುಂಡಿಗೆ ಸಿಗುವುದು 67 ಮಾತ್ರ. ಪ್ರತಿ ತುಂಡಿಗೂ ಬೇರೆ ಬೇರೆ ದುಡ್ಡು.

70 ‘ಅಕ್ಷರ’ ಅಂದರೆ ನಾವು ಕಣ್ಣಲ್ಲಿ ಕಾಣುವ ಅಕ್ಷರವೂ ಅಲ್ಲ. ಗುಣಿತದ ಚಿಹ್ನೆ, ಒತ್ತಕ್ಷರ ಎಲ್ಲವೂ ಬೇರೆ ಬೇರೆ ಎಣಿಕೆ. ‘ಸ್ತ್ರೀ’ ಎಂಬುದು ಬರೆಯುವಾಗ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು: ಸ, ಒತ್ತಕ್ಷರ ಮಾಡುವ ಚಿಹ್ನೆ, ತ, ಮತ್ತೆ ಅದೇ ಚಿಹ್ನೆ, ರ, ದೀರ್ಘ. ಒತ್ತಕ್ಷರ ಜಾಸ್ತಿ ಇದ್ದಷ್ಟೂ ಖರ್ಚು ಜಾಸ್ತಿ.

ನಮ್ಮ ಸೀರೆ ಅಂಗಡಿಯ ಸಂದೇಶವನ್ನೇ ನೋಡಿ: ‘ನಿಮ್ಮ ಸೀರೆಗೆ ಕುಚ್ಚು ಕಟ್ಟಿ ಆಗಿದೆ. ಅಂಗಡಿಗೆ ಬಂದು ತೆಗೆದುಕೊಂಡು ಹೋಗಿ.’ ಖಾಲಿ ಜಾಗ, ಚುಕ್ಕಿ ಎಲ್ಲ ಸೇರಿ ಎಣಿಸಿದರೆ 63. ಒಂದೇ ಎಸ್‌ಎಂಎಸ್‌ನಲ್ಲಿ ಹೋಗುತ್ತದೆ. ಶುರುವಿನಲ್ಲಿ ಮರ್ಯಾದೆಗೆ ಒಂದು ‘ನಮಸ್ಕಾರ.’ ಸೇರಿಸಿ. 72 ಆಯಿತು. ಈಗ ಅದು ಎರಡು ಎಸ್‌ಎಂಎಸ್, ದರ ದುಪ್ಪಟ್ಟು. ಅಂಗಡಿಯ ಹೆಸರು ಬರೆಯುವುದು ಇನ್ನೂ ಬಾಕಿ ಇದೆ. ಇದೇ ಮಾತನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ನಮಸ್ಕಾರ, ಅಂಗಡಿಯ ಹೆಸರು, ವಿಳಾಸ ಎಲ್ಲ ಸೇರಿದರೂ 160ರೊಳಗೆ ಕೂರುತ್ತದೆ.

ಕನ್ನಡದ ಅಂಗಡಿಗಳಿಂದಲೂ ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡ ಬರುವುದನ್ನು ನೀವೂ ನೋಡಿರಬಹುದು. ಅದನ್ನು ಬರೀ ಭಾಷಾಭಿಮಾನದ ಕೊರತೆ ಅನ್ನುವುದು ಸರಿಯಲ್ಲ. ಹಿಂದೆ ಈ ಲೆಕ್ಕವೂ ಇದೆ. 150 ಅಕ್ಷರದ ಹಬ್ಬದ ಸಂದೇಶ ಇಂಗ್ಲಿಷ್‌ನಲ್ಲಿ ಒಂದು ತುಂಡು, ಕನ್ನಡದಲ್ಲಿ ಮೂರು. 800 ಗಿರಾಕಿಗಳಿಗೆ ನಾಲ್ಕು ಹಬ್ಬಕ್ಕೆ 640 ರೂಪಾಯಿಯ ಜಾಗದಲ್ಲಿ 1,920.

ಇದಕ್ಕೆ ತಾಂತ್ರಿಕವಾಗಿ ದಾರಿಯೇ ಇಲ್ಲವೆಂದಲ್ಲ. ಮೊಬೈಲ್ ಜಾಲದ ಅಂತರರಾಷ್ಟ್ರೀಯ ಮಾನದಂಡದಲ್ಲಿ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ 7 ಬಿಟ್‌ನ ಅಕ್ಷರ ಪಟ್ಟಿಗಳಿವೆ. ಅವನ್ನು ಬಳಸಿದರೆ ಒಂದು ಎಸ್‌ಎಂಎಸ್‌ನಲ್ಲಿ 150ಕ್ಕೂ ಹೆಚ್ಚು ಕನ್ನಡ ಗುರುತುಗಳು ಕೂರುತ್ತವೆ. ಆದರೆ ಕಳಿಸುವ ಗೇಟ್‌ವೇಯಿಂದ ಹಿಡಿದು ಗಿರಾಕಿಯ ಕೈಯ ಫೋನಿನವರೆಗೆ ಎಲ್ಲವೂ ಆ ಪಟ್ಟಿಯನ್ನು ಅರಿತಿರಬೇಕು. ಹಾಗಾಗಿಲ್ಲ. ಬಲ್ಕ್ ಎಸ್‌ಎಂಎಸ್ ವ್ಯವಹಾರ ಕನ್ನಡವನ್ನು ಯೂನಿಕೋಡ್ ಎಂದೇ ಎಣಿಸಿ ಬಿಲ್ ಮಾಡುತ್ತದೆ.

ಮತ್ತೆ ಸ್ವಂತ ಸಿಮ್ ಯಾಕೆ ಬಳಸಬಾರದು?

ಇಷ್ಟೆಲ್ಲ ಕಷ್ಟ ನೋಡಿ ಬಹಳ ಜನಕ್ಕೆ ಬರುವ ಯೋಚನೆ ಇದು. ಅಂಗಡಿಯ ಫೋನಿನಲ್ಲಿ ದಿನಕ್ಕೆ ನೂರು ಎಸ್‌ಎಂಎಸ್ ಉಚಿತವಾಗಿ ಇದೆ, ಒಂದು ಆ್ಯಪ್ ಹಾಕಿಕೊಂಡು ಎಲ್ಲರಿಗೂ ಕಳಿಸಿದರಾಯಿತು. ದಯವಿಟ್ಟು ಹಾಗೆ ಮಾಡಬೇಡಿ.

ಹತ್ತಂಕಿಯ ಮಾಮೂಲಿ ನಂಬರಿನಿಂದ ಪ್ರಚಾರದ ಸಂದೇಶ ಕಳಿಸಿದವರನ್ನು ನಿಯಮ ‘ನೋಂದಾಯಿಸದ ಟೆಲಿಮಾರ್ಕೆಟರ್’ ಎಂದು ನೋಡುತ್ತದೆ. ಮೊದಲು 7 ದಿನದಲ್ಲಿ 10 ದೂರು ಬಂದರೆ ಕ್ರಮ ಇತ್ತು. 2025ರ ತಿದ್ದುಪಡಿಯ ನಂತರ 10 ದಿನದಲ್ಲಿ 5 ದೂರು ಸಾಕು. ದೂರು ಕೊಡುವವರು ಡಿಎನ್‌ಡಿಯಲ್ಲಿ, ಅಂದರೆ ಪ್ರಚಾರದ ಸಂದೇಶ ಬೇಡ ಎಂದವರ ಪಟ್ಟಿಯಲ್ಲಿ, ಹೆಸರು ನೋಂದಾಯಿಸಿರಬೇಕು ಎಂದೂ ಇಲ್ಲ. ಸಂದೇಶ ಬಂದ 7 ದಿನದೊಳಗೆ 1909ಕ್ಕೆ ತಿಳಿಸಿದರೆ ಆಯಿತು. ಕ್ರಮಕ್ಕೆ ಮೊಬೈಲ್ ಕಂಪನಿಗಳಿಗಿದ್ದ 30 ದಿನದ ಗಡುವು ಈಗ 5 ದಿನಕ್ಕೆ ಇಳಿದಿದೆ.

ಮೊದಲ ತಪ್ಪಿಗೆ 15 ದಿನ ಹೊರಹೋಗುವ ಕರೆ, ಸಂದೇಶ ಬಂದ್. ಅದೂ ಆ ಒಂದು ನಂಬರಿಗೆ ಮಾತ್ರವಲ್ಲ, ಆ ವ್ಯಕ್ತಿಯ ಹೆಸರಿನಲ್ಲಿರುವ ಎಲ್ಲ ಸಂಪರ್ಕಕ್ಕೂ. ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಎಲ್ಲವೂ ಕಡಿತ. ಬ್ಯಾಂಕಿಗೆ, ಯುಪಿಐಗೆ, ಜಿಎಸ್‌ಟಿಗೆ, ಗೋಡೆಯ ಬೋರ್ಡಿಗೆ ಎಲ್ಲ ಕಡೆ ಕೊಟ್ಟಿರುವ ನಂಬರ್ ಹೋದರೆ ಸಣ್ಣ ಅಂಗಡಿಗೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ‘ನೋಂದಣಿ ಬೇಡ, ಡಿಎಲ್‌ಟಿ ಬೇಡ, ನಾವು ಕಳಿಸಿಕೊಡ್ತೀವಿ’ ಎನ್ನುವವರು ಬಳಸುವುದೂ ಸಾಮಾನ್ಯವಾಗಿ ಇಂಥದೇ ಅಡ್ಡದಾರಿ.

ವಾಟ್ಸ್‌ಆ್ಯಪ್ ಇದೆಯಲ್ಲ?

ಇದೆ. ಕನ್ನಡಕ್ಕೆ ಅಲ್ಲಿ ಬೇರೆ ದರವಿಲ್ಲ, ಫೋಟೋ ಕಳಿಸಬಹುದು, ಎಪ್ಪತ್ತರ ಲೆಕ್ಕವಿಲ್ಲ. ಉಚಿತ ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಅವರ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಅದಕ್ಕಿಂತ ದೊಡ್ಡದಾಗಿ ಕಳಿಸಬೇಕೆಂದರೆ ದುಡ್ಡು ಕೊಡುವ ವ್ಯವಸ್ಥೆಗೆ ಹೋಗಬೇಕು. 2025ರ ಜುಲೈನಿಂದ ಅಲ್ಲೂ ಒಂದೊಂದು ಸಂದೇಶಕ್ಕೆ ದರ. ಪ್ರಚಾರದ ಸಂದೇಶದ ದರ ಎಸ್‌ಎಂಎಸ್‌ಗಿಂತ ಹಲವು ಪಟ್ಟು ಹೆಚ್ಚು. ಬೇಸಿಕ್ ಫೋನ್ ಇಟ್ಟುಕೊಂಡ ಗಿರಾಕಿಗಳಂತೂ ಕೈಬಿಟ್ಟುಹೋಗುತ್ತಾರೆ. ಹಳ್ಳಿ ಕಡೆ ಗಿರಾಕಿ ಇರುವ ಗೊಬ್ಬರದ ಅಂಗಡಿಗೆ, ಹಾಲಿನ ಡೇರಿಗೆ ಎಸ್‌ಎಂಎಸ್‌ಗೆ ಸಮನಾದದ್ದು ಇನ್ನೂ ಇಲ್ಲ.

ಯಾರ ವಾದ ಏನು?

ಟ್ರಾಯ್ ವಾದ ಗ್ರಾಹಕರ ಪರ. ಫೋನ್ ನನ್ನದು, ಅದಕ್ಕೆ ಯಾರು ಬರಬೇಕು ಎಂದು ನಾನು ಹೇಳಬೇಕು ಎಂಬುದು ತಳಪಾಯ. ಮೋಸದ ಲಿಂಕಿನಿಂದ ಜೀವಮಾನದ ಉಳಿತಾಯ ಕಳೆದುಕೊಂಡವರನ್ನು ನೆನೆದರೆ ಈ ವಾದವನ್ನು ಅಲ್ಲಗಳೆಯಲು ಸಾಧ್ಯವಿಲ್ಲ. ಹೊಸ ನಿಯಮದಲ್ಲಿ ಪ್ರಚಾರದ ಸಂದೇಶದೊಳಗೇ ‘ಬೇಡ’ ಎನ್ನುವ ದಾರಿ ಇರಲೇಬೇಕು. ಬೇಡ ಎಂದವರನ್ನು 90 ದಿನದವರೆಗೆ ಮತ್ತೆ ಒಪ್ಪಿಗೆ ಕೇಳುವಂತಿಲ್ಲ.

ಮೊಬೈಲ್ ಕಂಪನಿಗಳಿಗೆ ಬೇರೆಯೇ ಅಸಮಾಧಾನ. ಬೇಡದ ಸಂದೇಶಗಳ ಲೆಕ್ಕವನ್ನು ತಪ್ಪಾಗಿ ಕೊಟ್ಟರೆ ಅವುಗಳಿಗೆ 2 ಲಕ್ಷ, 5 ಲಕ್ಷ, 10 ಲಕ್ಷ ರೂಪಾಯಿ ಎಂದು ಹಂತ ಹಂತದ ದಂಡವಿದೆ. ಹೆಡರ್, ಟೆಂಪ್ಲೇಟ್ ನೋಂದಣಿಯಲ್ಲಿ ತಪ್ಪಿದರೆ ದಂಡ ಬೇರೆ. ನಾವು ಸಂದೇಶ ಸಾಗಿಸುವವರು ಅಷ್ಟೇ, ವಾಟ್ಸ್‌ಆ್ಯಪ್‌ನಂಥ ಆ್ಯಪ್‌ಗಳನ್ನು ಹೊರಗಿಟ್ಟು ನಮ್ಮನ್ನಷ್ಟೇ ಕಟ್ಟಿಹಾಕಿದರೆ ಕಾಟ ಅಲ್ಲಿಗೆ ಜಾಗ ಬದಲಿಸುತ್ತದೆ ಎಂದು ಅವುಗಳ ಸಂಘಟನೆ ಸಿಒಎಐ ಹೇಳಿತು. ಈ ಮಾತಿನಲ್ಲಿ ಹುರುಳಿದೆ. ಆದರೆ ದಂಡದ ಭಯ ಇರುವ ಕಂಪನಿ ಏನು ಮಾಡುತ್ತದೆ? ಅನುಮಾನ ಬಂದ ಟೆಂಪ್ಲೇಟನ್ನು ತಿರಸ್ಕರಿಸುವುದು ಅದಕ್ಕೆ ಸುಲಭ. ಆ ತಿರಸ್ಕಾರದ ಪೆಟ್ಟು ಹೆಚ್ಚು ಬೀಳುವುದು ಮತ್ತೆ ಮತ್ತೆ ಅರ್ಜಿ ಹಾಕಲು ಸಿಬ್ಬಂದಿ ಇಲ್ಲದವರ ಮೇಲೆ.

ಈ ಎರಡು ವಾದಗಳ ನಡುವೆ ಸಣ್ಣ ಅಂಗಡಿಯ ದನಿ ಎಲ್ಲೂ ಕೇಳುವುದಿಲ್ಲ. ಅವರು ಕೇಳಬೇಕಾದದ್ದು ವಿನಾಯಿತಿಯನ್ನಲ್ಲ. ತಿಂಗಳಿಗೆ ಸಾವಿರದೊಳಗೆ ಕಳಿಸುವವರಿಗೆ ನೋಂದಣಿ ಶುಲ್ಕ ನಾಮಮಾತ್ರ ಇರಲಿ. ‘ನಿಮ್ಮ ವಸ್ತು ಸಿದ್ಧವಾಗಿದೆ’, ‘ನಾಳೆ ಅಂಗಡಿಗೆ ರಜೆ’ ಇಂಥ ದಿನಬಳಕೆಯ ವಾಕ್ಯಗಳು ಕನ್ನಡದಲ್ಲೇ ಮೊದಲೇ ಒಪ್ಪಿಗೆ ಪಡೆದು ಸಿದ್ಧವಾಗಿರಲಿ, ಅಂಗಡಿಯವರು ಆರಿಸಿಕೊಂಡರೆ ಸಾಕಾಗಲಿ. ಭಾರತೀಯ ಭಾಷೆಯ ಸಂದೇಶಕ್ಕೆ 160ರವರೆಗೆ ಒಂದೇ ದರ ಇರಲಿ. ಈ ಮೂರರಲ್ಲಿ ಯಾವುದೂ ಮೋಸಗಾರರಿಗೆ ಬಾಗಿಲು ತೆರೆಯುವುದಿಲ್ಲ. ಗುರುತು, ಟೆಂಪ್ಲೇಟ್, ತಾಳೆ ಎಲ್ಲ ಹಾಗೇ ಇರುತ್ತವೆ.

ಸದ್ಯಕ್ಕೆ ಏನು ಮಾಡಬಹುದು?

ಮೊದಲು ಸೇವೆಯ ಸಂದೇಶವನ್ನೂ ಪ್ರಚಾರದ ಸಂದೇಶವನ್ನೂ ಬೇರೆ ಇಡಿ. ‘ಸೀರೆ ಸಿದ್ಧವಾಗಿದೆ’ ಎಂಬುದು ಗಿರಾಕಿ ಕೊಟ್ಟ ಕೆಲಸದ ಮಾಹಿತಿ. ಡಿಎನ್‌ಡಿ ಹಾಕಿಸಿಕೊಂಡವರಿಗೂ ಅದು ತಲುಪುತ್ತದೆ. ಅದರ ಬಾಲಕ್ಕೆ ‘ಹಬ್ಬಕ್ಕೆ ಶೇ 10 ರಿಯಾಯಿತಿ’ ಎಂದು ಅಂಟಿಸಿದರೆ ಇಡೀ ಸಂದೇಶ ಪ್ರಚಾರವಾಗುತ್ತದೆ. ಆಗ ಡಿಎನ್‌ಡಿ ಇರುವವರಿಗೆ ಅದು ಹೋಗುವುದಿಲ್ಲ. ಸೀರೆಗೆ ಕಾಯುತ್ತಿರುವ ಗಿರಾಕಿಗೆ ಸುದ್ದಿಯೇ ಮುಟ್ಟದು.

ಎರಡನೆಯದು ಅಕ್ಷರದ ಲೆಕ್ಕ. ಟೆಂಪ್ಲೇಟ್ ಹಾಕುವ ಮೊದಲು ಎಣಿಸಿ. ‘ತೆಗೆದುಕೊಂಡು ಹೋಗಿ’ ಎಂಬುದಕ್ಕೆ 16 ಬೇಕು, ‘ಒಯ್ಯಿರಿ’ ಎಂಬುದಕ್ಕೆ ಬರೀ 7. ಹೀಗೆ ಒಂದು ಪದ ಬದಲಿಸಿದರೆ ಉಳಿದ ಜಾಗದಲ್ಲಿ ‘ನಮಸ್ಕಾರ’ ಉಳಿಯುತ್ತದೆ, ಸಂದೇಶವೂ ಒಂದೇ ತುಂಡಾಗಿರುತ್ತದೆ. ಗಿರಾಕಿಯ ಹೆಸರು ತುಂಬುವ ಜಾಗ ಇದ್ದರೆ ಅತಿ ಉದ್ದದ ಹೆಸರನ್ನು ಇಟ್ಟುಕೊಂಡು ಎಣಿಸಿ, ಸಣ್ಣ ಹೆಸರನ್ನಲ್ಲ.

ಮೂರನೆಯದು ಗಲ್ಲಾದ ಪಕ್ಕದಲ್ಲಿರುವ ನೋಟ್‌ಬುಕ್. ಬಿಲ್ ಮಾಡುವಾಗ ‘ನಂಬರ್ ಹೇಳಿ’ ಎಂದು ಕೇಳಿ ಸುಮ್ನೆ ಬರೆದುಕೊಳ್ಳುವ ರೂಢಿ ಎಲ್ಲ ಕಡೆ ಇದೆ. 2023ರ ಡಿಜಿಟಲ್ ಖಾಸಗಿ ಮಾಹಿತಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಂಪ್ಯೂಟರಿಗೋ ಮೊಬೈಲಿಗೋ ಏರಿದ ಆ ನಂಬರ್ ಗಿರಾಕಿಯ ಖಾಸಗಿ ಮಾಹಿತಿ. ಯಾಕೆ ತೆಗೆದುಕೊಳ್ಳುತ್ತಿದ್ದೇವೆ ಎಂದು ಹೇಳಿ ಒಪ್ಪಿಗೆ ಪಡೆಯಬೇಕು, ಬೇಡ ಎಂದರೆ ಅಳಿಸಬೇಕು. ಸ್ಟಾರ್ಟ್‌ಅಪ್‌ಗಳೂ ಸೇರಿ ಕೆಲವರಿಗೆ ಕೆಲವು ಕಲಮುಗಳಿಂದ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕಿದೆ. ಆದರೆ ವಿನಾಯಿತಿ ಬಂದೇ ಬರುತ್ತದೆ ಎಂದು ಕೂರುವಂತಿಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಗೆ ಬರಲು ಕೊಟ್ಟಿರುವ ಕಾಲ 18 ತಿಂಗಳು, ಅಂದರೆ 2027ರ ಮೇವರೆಗೆ. ಅಷ್ಟರೊಳಗೆ ಆ ನೋಟ್‌ಬುಕ್ಕಿನಲ್ಲಿ ಹೆಸರು, ನಂಬರ್ ಪಕ್ಕ ಇನ್ನೆರಡು ಅಂಕಣ ಎಳೆದುಕೊಳ್ಳುವುದು ಒಳ್ಳೆಯದು: ಯಾವ ಸಂದೇಶಕ್ಕೆ ಒಪ್ಪಿದರು, ಯಾವ ತಾರೀಕು.